ಕಿತ್ತೂರಿನ ಇನ್ನೊಂದು ಹಿರಿಮೆ

ಕಿತ್ತೂರೆಂದೊಡನೆ ರಾಣಿ ಚೆನ್ನಮ್ಮನ ಹೆಸರು ನಾಲಗೆಗೆ ಬರುವುದು ಸಹಜ. ಆ ಊರಿಗೆ ಇನ್ನೊಂದು ಸಣ್ಣ ಹಿರಿಮೆಯೂ ಉಂಟು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ಕೇಂದ್ರವು ಮೊತ್ತಮೊದಲು ನೆಲೆಗೊಂಡುದು ಅಲ್ಲಿ, 1986ರ ಜುಲೈ ತಿಂಗಳಲ್ಲಿ.

ಈ ಯಂತ್ರದ ಹುಟ್ಟು ಸ್ವಾರಸ್ಯವಾದುದು. ಒಂದೇ ಕಚೇರಿಯ ಕೋಣೆಯಿಂದ ಕೋಣೆಗೆ ಮಾತನ್ನು ದಾಟಿಸಲು ಮಾಡಿದ್ದ 128 ಸಂಪರ್ಕಗಳ ಪೆಟ್ಟಿಗೆಯನ್ನೇ ತಿದ್ದಿ ಇದನ್ನು ಸಿದ್ಧಪಡಿಸಿದರು. ಗುಮಾಸ್ತರ ನಡುವೆ ನೆರಳಿನಲ್ಲಿ ಬೆಳೆದುದು ಹಳ್ಳಿಯಲ್ಲಿ ಬಾಳೀತೆ? ಅಂದಿನ ವಿದೇಶೀ ಯಂತ್ರಗಳೇನೋ ಹಬ್ಬಕ್ಕೆ ಬಂದ ಹೊಸ ಅಳಿಯನಂತೆ ಉಪಚಾರ ಬೇಡುತ್ತಿದ್ದವು: ತಂಪು ಕೋಣೆ ಬೇಕು, ಧೂಳು ಸೋಕಬಾರದು, ಕರೆದಾಗ ತಜ್ಞ ಓಡಿಬರಬೇಕು. ಸಣ್ಣ ಊರಿನಲ್ಲಿ ಇವೆಲ್ಲ ಎಲ್ಲಿಂದ ಬರಬೇಕು? ತಜ್ಞನು ನಾಳೆ ಬಂದಾನು, ನಾಡಿದ್ದು ಬಂದಾನು. ಹೆರಿಗೆಯ ನೋವು ಅಲ್ಲಿಯವರೆಗೆ ಕಾಯದು.

ಆದುದರಿಂದ ನಮ್ಮ ಎಂಜಿನಿಯರರು ಅಲ್ಪ ವಿದ್ಯುತ್ತಿನಲ್ಲಿ ನಡೆಯುವ, ಹೆಚ್ಚು ಬಿಸಿಯೇರದ ಯಂತ್ರವನ್ನು ಕಟ್ಟಿ ತಂಪು ಕೋಣೆಯ ಹಂಗನ್ನೇ ಹರಿದರು. ಮುಖ್ಯ ಭಾಗಗಳನ್ನು ಜೋಡಿಯಾಗಿಟ್ಟರು. ಒಂದು ಮುನಿದರೆ ಮತ್ತೊಂದು ಹೊಣೆ ಹೊರಬೇಕು. ಕೆಟ್ಟ ಕಾರ್ಡನ್ನು ಹೊರಗೆಳೆದು ಹೊಸದನ್ನು ಕೂಡಿಸಿದರಾಯಿತು, ರಿಪೇರಿ ಬೇರೆ ಕಡೆ ನಡೆಯುತ್ತದೆ. ಸ್ಥಳದಲ್ಲಿರುವವನಿಗೆ ಪಾಂಡಿತ್ಯ ಬೇಡ, ಯಾವ ಕಾರ್ಡು ಕೆಟ್ಟಿತೆಂಬ ಗುರುತು ಸಿಕ್ಕರೆ ಸಾಕು. ತಜ್ಞನಿಲ್ಲದ ಕಡೆ ನಡೆಯುವ ಯಂತ್ರವನ್ನು ಮಾಡಲು ಎಷ್ಟು ಮಂದಿ ತಜ್ಞರು ಬೇಕಾದರೋ!

ಮುಂದೆ ಇಂಥವೇ ಪೆಟ್ಟಿಗೆಗಳು ದೇಶದ ಸಾವಿರಾರು ಊರುಗಳಿಗೆ ಹೋದವು. ಮೊಬೈಲು ಬಂದ ಮೇಲೆ ಅವುಗಳ ಕೆಲಸ ಮುಗಿಯುತ್ತ ಬಂದಿತು. ಕಿತ್ತೂರಿಗೆ ಕೋಟೆಯನ್ನು ನೋಡಲು ಹೋಗುವವರಲ್ಲಿ ಈ ಸಂಗತಿಯನ್ನು ಬಲ್ಲವರು ವಿರಳ.