ಹೆಸರು ನಮ್ಮದು, ಖಾತೆ ಯಾರದ್ದು?



ಊರೂರಿನ ನಮ್ಮ ಸಂಘಗಳು, ಯುವಕ ಮಂಡಳಿಗಳು ಈಗ ವೆಬ್‌ಸೈಟ್ ಮಾಡೋಕೆ ಹೊರಟಿವೆ. ಸಂತೋಷ. ಹೋರಾಟದ ಫೋಟೊ, ಕರಪತ್ರ, ಹಿರಿಯರ ಮಾತು ಒಂದು ಕಡೆ ಉಳಿಯಲೇಬೇಕು. ಆದರೆ ಬಣ್ಣ ಯಾವುದು, ಬಾಬಾಸಾಹೇಬರ ಯಾವ ಫೋಟೊ ಹಾಕೋದು ಅಂತ ಗಂಟೆಗಟ್ಟಲೆ ಚರ್ಚೆ ಮಾಡುವವರು, ಅದರ ವಿಳಾಸ, ಅಂದ್ರೆ ಡೊಮೈನ್, ಯಾರ ಹೆಸರಲ್ಲಿ ನೋಂದಣಿ ಆಗುತ್ತೆ ಅಂತ ಕೇಳೋದೇ ಇಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು.

"ಫೇಸ್‌ಬುಕ್ ಪೇಜ್ ಇದೆಯಲ್ಲಣ್ಣ, ಇದ್ಯಾಕೆ?" ಅಂತಾರೆ ಹುಡುಗರು. ಕೊಡಗಿನವರಿಗೆ ಉತ್ತರ ಹೇಳೋದು ಸುಲಭ. ಅದು ಲೈನ್‌ಮನೆ ಕಣ್ರಪ್ಪ. ಮೂರು ತಲೆಮಾರು ಬಾಳಿದರೂ ಜಾಗ ಮಾಲೀಕರದ್ದೇ, ಬಾಗಿಲು ಹಾಕಿದರೆ ಕೇಳೋರಿಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದ್ದನ್ನು ನೋಡಿದವರಿಗೆ, ಕೈಯಲ್ಲಿ ಕಾಗದ ಇಲ್ಲದಿದ್ದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಡೊಮೈನ್ ಅಂದರೆ ಆ ಕಾಗದ. ಅದೂ ಶಾಶ್ವತ ಕ್ರಯ ಅಲ್ಲ, ಕಂದಾಯದ ಹಾಗೆ ಕಟ್ಟುತ್ತಾ ಹೋಗಬೇಕು. ಕಟ್ಟುವವರೆಗೆ ನಮ್ಮದು.

ಹೆಸರು ಆರಿಸೋದನ್ನೂ ಬಾಬಾಸಾಹೇಬರಿಂದಲೇ ಕಲಿಯಬಹುದು. 1920ರಲ್ಲಿ ಮೂಕನಾಯಕ, 1927ರಲ್ಲಿ ಬಹಿಷ್ಕೃತ ಭಾರತ, 1956ರಲ್ಲಿ ಪ್ರಬುದ್ಧ ಭಾರತ. ಒಂದೆರಡು ಪದದಲ್ಲೇ ಯಾರ ಪತ್ರಿಕೆ, ಯಾರ ಪರ ಅಂತ ತಿಳಿಯುತ್ತೆ. ನಾವೋ, ಸಂಘದ ಹೆಸರು, ಹೋಬಳಿ, ತಾಲ್ಲೂಕು, ಜಿಲ್ಲೆ ಎಲ್ಲ ಸೇರಿಸಿ ಬ್ಯಾನರ್ ಉದ್ದ ಮಾಡ್ತೀವಿ. ಫೋನಿನಲ್ಲಿ ಒಂದು ಸಲ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಟೈಪ್ ಮಾಡುವಂತಿರಬೇಕು.

ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಇನ್ನೊಂದು ತಾಪತ್ರಯ. ನಮ್ಮ ಶಿರಂಗಾಲವನ್ನೇ ತಗೊಳ್ಳಿ. 'ಶಿ'ಗೆ ಒಬ್ಬರು ಎಸ್ ಮತ್ತು ಎಚ್ ಹಾಕಿದರೆ ಇನ್ನೊಬ್ಬರು ಬರೀ ಎಸ್. 'ಗಾ'ಗೆ ಒಬ್ಬರು ಒಂದು ಎ, ಇನ್ನೊಬ್ಬರು ಎರಡು. ಗೊಂದಲ ಇಲ್ಲದ ಹೆಸರು ಹುಡುಕಿ, ಇಲ್ಲವೇ ಎರಡೂ ಬರವಣಿಗೆ ನೋಂದಾಯಿಸಿ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ವಿಳಾಸವೂ ಸಿಗುತ್ತೆ. ತಗೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ. ಕೆಲವು ಕಡೆ ಲಿಂಕ್ ಹಾಕಿದಾಗ ಅರ್ಥವಾಗದ ಅಕ್ಷರಗಳ ಸಾಲಾಗಿ ಕಾಣುತ್ತೆ.

ಒಂದಕ್ಷರದ ವ್ಯತ್ಯಾಸ ಸಣ್ಣದು ಅನ್ನಬೇಡಿ. ಒಂದು 'ಎಫ್' ಇರುವ ಸಿಫಿನೆಟ್, ಎರಡು 'ಎಫ್' ಇರುವ ಸಿಫ್ಫಿನೆಟ್ ನಡುವಿನ ಜಗಳ ಬೆಂಗಳೂರಿನ ಸಿವಿಲ್ ಕೋರ್ಟ್, ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ತನಕ ಹೋಯ್ತು. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂತೆ ರಕ್ಷಣೆ ಇದೆ ಅಂತ 2004ರಲ್ಲಿ ತೀರ್ಪು ಬಂತು. ಅವರು ಕಂಪನಿಗಳು, ವಕೀಲರನ್ನು ಇಟ್ಟುಕೊಂಡಿದ್ದರು. ಕೂಲಿ ಬಿಟ್ಟು ಸಭೆಗೆ ಬರುವ ನಮ್ಮ ಜನ ಅಷ್ಟು ದೂರ ಅಲೆಯೋಕಾಗುತ್ತಾ? ಅದಕ್ಕೇ ಮೊದಲೇ ಭದ್ರ ಮಾಡ್ಕೋಬೇಕು.

ಈಗ ನಡೀತಿರೋದು ಹೀಗೆ: ಸೈಟ್ ಮಾಡಿಕೊಟ್ಟ ಹುಡುಗ ತನ್ನ ಹೆಸರು, ತನ್ನ ಇಮೇಲ್, ತನ್ನ ಫೋನ್ ನಂಬರ್ ಹಾಕ್ತಾನೆ. ಅವನದೇನೂ ಕೆಟ್ಟ ಉದ್ದೇಶ ಇರಲ್ಲ. ಆಮೇಲೆ ಬೆಂಗಳೂರಿಗೆ ಹೋಗ್ತಾನೆ, ನಂಬರ್ ಬದಲಾಗುತ್ತೆ. ನವೀಕರಣದ ನೋಟಿಸ್ ಯಾರಿಗೂ ತಲುಪಲ್ಲ. ಅವಧಿ ಮೀರಿ ರದ್ದಾದ ಡಾಟ್ ಕಾಂ ಹೆಸರನ್ನು ದಂಡ ಕಟ್ಟಿ ಬಿಡಿಸಿಕೊಳ್ಳೋಕೆ 30 ದಿನ ಇರುತ್ತೆ. ಅದೂ ಕಳೆದರೆ ಐದು ದಿನದ ಮೇಲೆ ಯಾರು ಬೇಕಾದರೂ ತಗೋಬಹುದು. ಬಾಬಾಸಾಹೇಬರ ಫೋಟೊ ಇದ್ದ ವಿಳಾಸದಲ್ಲಿ ಜೂಜಿನ ಜಾಹೀರಾತು ಬಂದರೆ ಯಾರನ್ನು ಬೈಯೋಣ? ಸಂಘ ಎರಡು ಬಣ ಆದಾಗಲಂತೂ ಪಾಸ್‌ವರ್ಡ್ ಇದ್ದವನೇ ಸಂಘ!

ಆಫೀಸಿನಲ್ಲಿ ಕಡತ ನೋಡುವವನಾಗಿ ಹೇಳ್ತೀನಿ. ನೋಂದಣಿ ಸಂಘದ ಹೆಸರಲ್ಲೇ ಇರಲಿ. ಅದಕ್ಕೆ ಬೇರೆ ಇಮೇಲ್ ಇರಲಿ, ಆದರೆ ಅದೇ ಡೊಮೈನಿನ ಇಮೇಲ್ ಬೇಡ, ಡೊಮೈನ್ ಹೋದರೆ ಅದೂ ಹೋಗುತ್ತೆ. ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳಿಗೆ ಗೊತ್ತಿರಲಿ. ವರ್ಗಾವಣೆ ಲಾಕ್ ಹಾಕಿಸಿ. ಮೊದಲ ವರ್ಷದ ಆಫರ್ ನೋಡಿ ಮರುಳಾಗದೆ ಎರಡನೇ ವರ್ಷದ ದರ ಕೇಳಿ. ಒಟ್ಟಿಗೆ 10 ವರ್ಷದ ತನಕ ಕಟ್ಟೋಕೂ ಅವಕಾಶ ಇದೆ. ಕಾರ್ಯದರ್ಶಿ ಬದಲಾದಾಗ ಸೀಲು, ರಸೀದಿ ಪುಸ್ತಕದ ಜೊತೆ ಇದನ್ನೂ ಚಾರ್ಜ್ ಕೊಡಿಸಿ.

ಮುಂದಿನ ಸಭೆಯಲ್ಲಿ ಒಂದು ವಿಷಯ ಸೇರಿಸಿ: ನಮ್ಮ ಡೊಮೈನ್ ಖಾತೆ ಯಾರ ಹೆಸರಲ್ಲಿದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ.

ಜೈಭೀಮ್.