ಕುದ್ರುವಿನ ಊಟಕ್ಕೆ ಮೀನಿನ ಹೆಸರು ಮೊದಲೇ ಬರೆಯಬೇಡಿ



ಕೆಲವು ವರ್ಷಗಳಿಂದ ಜೀಡಿಮೆಟ್ಲಾ, ಚಿಂತಲ್, ಸುಚಿತ್ರಾ, ಕೊಂಪಲ್ಲಿ ಭಾಗದ ನಮ್ಮ ಕನ್ನಡ ಗಿರಾಕಿಗಳಿಂದ ಹೊಸ ಬಗೆಯ ಆರ್ಡರ್ ಬರತೊಡಗಿದೆ. ಅಪ್ಪನ ಷಷ್ಟ್ಯಬ್ದಿ, ಮದುವೆಯ ಇಪ್ಪತ್ತೈದನೇ ವರ್ಷ, ಹೊರದೇಶದಿಂದ ಮಕ್ಕಳು ಬಂದದ್ದು, ಹೀಗೆ ಏನಾದರೊಂದು ನೆಪ. ಮೊದಲಾದರೆ ಹತ್ತಿರದ ಫಂಕ್ಷನ್ ಹಾಲ್ ಹಿಡಿದು ಇನ್ನೂರು ಜನರಿಗೆ ಊಟ ಹಾಕಿಸುತ್ತಿದ್ದರು. ಈಗ ಮನೆಯವರೇ ಮೂವತ್ತು ನಲವತ್ತು ಜನ ಸೇರಿ ಉಡುಪಿ, ಕುಂದಾಪುರದ ಕಡೆ ನದಿಯ ನಡುವಿನ ಕುದ್ರುವಿನಲ್ಲೊಂದು ಮನೆ ಬಾಡಿಗೆಗೆ ಹಿಡಿದು ಎರಡು ಮೂರು ದಿನ ಇದ್ದು ಬರುತ್ತಾರೆ. ಕಾಚಿಗುಡದಿಂದ ಮಂಗಳೂರಿಗೆ ಹೋಗುತ್ತಿದ್ದ ರೈಲನ್ನು 2024ರಲ್ಲಿ ಮುರ್ಡೇಶ್ವರದವರೆಗೆ ವಿಸ್ತರಿಸಿದ ಮೇಲೆ ಈ ಓಡಾಟ ಇನ್ನೂ ಸುಲಭವಾಗಿದೆ. ಎಲ್ಲವೂ ಅಲ್ಲಿಯದೇ ಆದರೂ ಅಡುಗೆಗೆ ಮಾತ್ರ ಪರಿಚಯದ ಕೈ ಬೇಕು ಎಂದು ನಮ್ಮಲ್ಲಿ ಒಬ್ಬರನ್ನು, ಇಬ್ಬರು ಸಹಾಯಕರ ಜೊತೆ ಕರೆದೊಯ್ಯುತ್ತಾರೆ. ಒಳ್ಳೆಯ ಕೆಲಸ, ಒಳ್ಳೆಯ ಹೆಸರು. ಬೇಡ ಎನ್ನುವುದಕ್ಕೆ ಕಾರಣವಿಲ್ಲ.

ತೊಂದರೆ ಇರುವುದು ನಾವು ಬರೆದುಕೊಡುವ ಕೊಟೇಶನ್‌ನಲ್ಲಿ. ಗಿರಾಕಿ ಕೇಳುತ್ತಾರೆ, "ಮೊದಲ ದಿನ ಅಂಜಲ್ ತವಾ ಫ್ರೈ, ಎರಡನೇ ದಿನ ಮಾಂಜಿ, ಜೊತೆಗೆ ಸಿಗಡಿ, ತಲೆಗೆ ಎಷ್ಟಾಗುತ್ತದೆ?" ನಾವೂ ಹಾಲ್‌ನ ಊಟಕ್ಕೆ ಬರೆದುಕೊಟ್ಟ ಹಾಗೆ ಒಂದು ತಿಂಗಳು ಮೊದಲೇ ಮೀನಿನ ಹೆಸರು ಸಹಿತ ರೇಟ್ ಬರೆದು ಅಡ್ವಾನ್ಸ್ ತೆಗೆದುಕೊಳ್ಳುತ್ತೇವೆ. ಈ ಒಂದು ಸಾಲನ್ನು ನಮ್ಮ ಕೊಟೇಶನ್‌ನಿಂದ ತೆಗೆದುಹಾಕಬೇಕು, ಅದರ ಜಾಗದಲ್ಲಿ "ಅಂದಿನ ಮೀನು" ಎಂದಷ್ಟೇ ಬರೆಯಬೇಕು ಎನ್ನುವುದು ನನ್ನ ಅಭಿಪ್ರಾಯ. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಯಾವ ದ್ವೀಪ ಎಂದು ಮೊದಲು ಕೇಳಿ

ದ್ವೀಪ ಎಂದೊಡನೆ ನಮ್ಮ ಗಿರಾಕಿಗಳ ಕಣ್ಣ ಮುಂದೆ ಬರುವುದು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ. ಕಂಬ ಕಂಬವಾಗಿ ನಿಂತ ಕಲ್ಲುಗಳ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ. ಆದರೆ ಅದು ಭೂವೈಜ್ಞಾನಿಕ ಸ್ಮಾರಕ. ಹಗಲು ದೋಣಿಯಲ್ಲಿ ಹೋಗಿ ನೋಡಿ ಬರುವ ಜಾಗ. ಅಲ್ಲಿ ರಾತ್ರಿ ತಂಗುವಂತಿಲ್ಲ, ಮಳೆಗಾಲದಲ್ಲಿ ದೋಣಿಯೂ ಇಲ್ಲ. ಅಲ್ಲಿ ಒಲೆ ಹೂಡಿ ಅಡುಗೆ ಮಾಡಿಕೊಡುತ್ತೇವೆ ಎಂದು ಯಾರೂ ಒಪ್ಪಿಕೊಳ್ಳಬೇಡಿ.

ಮನೆ, ಅಂಗಳ, ಬಾವಿ, ತೆಂಗಿನ ತೋಟ ಇರುವುದು ನದಿಯ ಕುದ್ರುಗಳಲ್ಲಿ. ಸ್ವರ್ಣಾ ನದಿಯಲ್ಲಿ ಕೆಮ್ಮಣ್ಣು ಭಾಗದ ಕುದ್ರುಗಳು, ಗಂಗೊಳ್ಳಿಯ ಬಳಿ ಪಂಚಗಂಗಾವಳಿ ಸೇರುವಲ್ಲಿನ ಕುದ್ರುಗಳು ಇಂಥವು. ಉತ್ತರ ಕನ್ನಡಕ್ಕೆ ಹೋದರೆ ಇದನ್ನೇ ಕುರ್ವೆ ಎನ್ನುತ್ತಾರೆ. ಶರಾವತಿಯ ಮಾವಿನಕುರ್ವೆ, ಅಘನಾಶಿನಿಯ ಐಗಳಕುರ್ವೆ ಎಂಬ ಹೆಸರುಗಳಲ್ಲೇ ಅದು ಇದೆ. ಇವೆಲ್ಲ ನದಿ ಸಮುದ್ರ ಕೂಡುವ ಅಳಿವೆಯ ಜಾಗಗಳು. ಇಲ್ಲಿಯ ಮನೆಯವರ ಊಟದಲ್ಲಿ ದೊಡ್ಡ ಬೋಟಿನ ಅಂಜಲ್‌ಗಿಂತ ಹೊಳೆಯ ಕಾಣೆ, ಸಿಗಡಿ, ಏಡಿ, ಮರುವಾಯಿಗಳದ್ದೇ ಪಾಲು ಹೆಚ್ಚು. ಅಘನಾಶಿನಿ ಅಳಿವೆಯಲ್ಲಿ ಚಿಪ್ಪಿಕಲ್ಲು ಹೆಕ್ಕಿ ಬದುಕುವ ಕುಟುಂಬಗಳು ಬಹಳ. ಆ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಇಂಥ ಜಾಗಕ್ಕೆ ಹೋಗಿ, ಅಲ್ಲಿ ಸಿಗುವುದನ್ನು ಬಿಟ್ಟು ಹೈದರಾಬಾದಿನ ಹೋಟೆಲ್ ಮೆನುವಿನಲ್ಲಿರುವ ಎರಡು ಮೀನನ್ನೇ ಹಠ ಹಿಡಿದು ಹುಡುಕುವುದರಲ್ಲಿ ಅರ್ಥವೇನು?

ಸಮುದ್ರಕ್ಕೂ ರಜೆ ಇದೆ

ತೆಲಂಗಾಣದಲ್ಲಿ ಶಾಲೆಗಳ ಬೇಸಗೆ ರಜೆ ಏಪ್ರಿಲ್ ಕೊನೆಯಿಂದ ಜೂನ್ ಎರಡನೇ ವಾರದವರೆಗೆ. ಪ್ರವಾಸದ ಆರ್ಡರ್ ಹೆಚ್ಚು ಬರುವುದೂ ಆಗಲೇ. ಇದೇ ಅವಧಿಯಲ್ಲಿ ಸಮುದ್ರ ಮೀನುಗಾರಿಕೆಗೆ ನಿಷೇಧ ಇರುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ಸರಿಯಾಗಿ ಗೊತ್ತಿಲ್ಲ.

ಪೂರ್ವ ಕರಾವಳಿಯಲ್ಲಿ, ಅಂದರೆ ವಿಶಾಖಪಟ್ಟಣ, ಕಾಕಿನಾಡದ ಕಡೆ, ಏಪ್ರಿಲ್ 15ರಿಂದ ಜೂನ್ 14ರವರೆಗೆ ನಿಷೇಧ. ಪಶ್ಚಿಮ ಕರಾವಳಿಯಲ್ಲಿ, ಅಂದರೆ ಮಲ್ಪೆ, ಗಂಗೊಳ್ಳಿ, ಮಂಗಳೂರು, ಕಾರವಾರದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ. ಎರಡೂ ಕಡೆ 61 ದಿನ. ಮೀನು ಮೊಟ್ಟೆಯಿಟ್ಟು ಮರಿಯಾಗಲಿ ಎಂದು ಮಾಡಿರುವ ನಿಯಮ ಇದು. ಕರ್ನಾಟಕದಲ್ಲಿ ಈ ಅವಧಿಯಲ್ಲಿ ಯಾಂತ್ರಿಕ ಬೋಟುಗಳು ಮತ್ತು 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳು ಕಡಲಿಗಿಳಿಯುವಂತಿಲ್ಲ. ಸಣ್ಣ ನಾಡದೋಣಿಯವರು ತರುವಷ್ಟು ಮಾತ್ರ ಬರುತ್ತದೆ, ಅದೂ ಕಡಲು ಅನುವು ಮಾಡಿಕೊಟ್ಟ ದಿನ.

ಲೆಕ್ಕ ಹಾಕಿ ನೋಡಿ. ಮೇ ತಿಂಗಳಲ್ಲಿ ಮಲ್ಪೆಯಲ್ಲಿ ಬೋಟಿನ ಮೀನು ಸಿಗುತ್ತದೆ, ಆದರೆ ವೈಜಾಗ್ ಕಡೆ ಬೋಟು ನಿಂತಿರುತ್ತದೆ. ಜೂನ್ 1ರಿಂದ 14ರವರೆಗಿನ ಎರಡು ವಾರ ಎರಡೂ ಕರಾವಳಿ ಬಂದ್. ನಮ್ಮ ಹೈದರಾಬಾದಿನಲ್ಲಿ ಮೃಗಶಿರ ಕಾರ್ತಿ ಬರುವುದೂ ಸರಿಯಾಗಿ ಆಗಲೇ, ಜೂನ್ 7 ಅಥವಾ 8ರ ಸುಮಾರಿಗೆ. ಅಂದು ನಾಂಪಲ್ಲಿಯ ಎಗ್ಜಿಬಿಷನ್ ಮೈದಾನದಲ್ಲಿ ಬತ್ತಿನಿ ಕುಟುಂಬದವರ ಮೀನು ಪ್ರಸಾದ. ಬೇಗಂ ಬಜಾರ್, ರಾಮನಗರದ ಮೀನು ಮಾರುಕಟ್ಟೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ವಾರಕ್ಕೆ ತಾಜಾ ಅಂಜಲ್ ಎಂದು ಬರೆದುಕೊಟ್ಟವನು ಕೊನೆಗೆ ಬಡಿಸುವುದು ಕೋಲ್ಡ್ ಸ್ಟೋರೇಜಿನಿಂದ ತೆಗೆದ ತುಂಡನ್ನೇ. ಫ್ರೋಜನ್ ಮೀನು ಕೆಟ್ಟದ್ದೇನಲ್ಲ, ಸರಿಯಾಗಿ ಇಟ್ಟಿದ್ದರೆ ಉಣ್ಣಬಹುದು. ಅದನ್ನು ತಾಜಾ ಎಂದು ಹೇಳಿ ಬಡಿಸುವುದು ತಪ್ಪು. ಜೂನ್‌ನಲ್ಲಿ ಕುದ್ರುವಿಗೆ ಹೋಗುವ ಗಿರಾಕಿಗೆ ಈ ಮಾತನ್ನು ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಹೇಳಿಬಿಡಬೇಕು. ಸಾಧ್ಯವಿದ್ದರೆ ದಸರಾ ರಜೆಗೆ ಇಲ್ಲವೇ ಸಂಕ್ರಾಂತಿಗೆ ಹೋಗಿ ಎಂದು ಸಲಹೆ ಕೊಡಿ. ಆಗ ಎರಡೂ ಕಡೆ ನಿಷೇಧ ಮುಗಿದಿರುತ್ತದೆ.

ಇಲ್ಲಿಂದ ಹೊತ್ತೊಯ್ಯುವ ಅಪಾಯ

ಹೆಸರು ಬರೆದುಕೊಟ್ಟ ಮೇಲೆ ಭಯ ಶುರುವಾಗುತ್ತದೆ. ಅಲ್ಲಿ ಸಿಗದಿದ್ದರೆ ಏನು ಮಾಡುವುದು ಎಂದು ಕೆಲವರು ಇಲ್ಲಿಂದಲೇ ಥರ್ಮೋಕೋಲ್ ಡಬ್ಬಿಯಲ್ಲಿ ಮೀನು ತುಂಬಿಸಿಕೊಂಡು ಹೊರಡುತ್ತಾರೆ. ಸಮುದ್ರದ ದಂಡೆಗೆ ಹೈದರಾಬಾದಿನಿಂದ ಮೀನು! ಕೇಳಿದವರು ನಗುತ್ತಾರೆ, ಆದರೆ ಇದು ನಗುವ ವಿಷಯವಲ್ಲ. ರಸ್ತೆಯಲ್ಲಾಗಲಿ ರೈಲಿನಲ್ಲಾಗಲಿ ಒಂದು ಹಗಲು ಒಂದು ರಾತ್ರಿಯ ದಾರಿ. ಮೀನಿನ ತೂಕದಷ್ಟೇ ಐಸ್ ಇರಬೇಕು, ಕರಗಿದ ನೀರು ಬಸಿದು ಹೋಗಬೇಕು, ನಡುವೆ ಮತ್ತೆ ಐಸ್ ಹಾಕಬೇಕು. ಪ್ರಯಾಣದಲ್ಲಿ ಇದನ್ನು ಸರಿಯಾಗಿ ಮಾಡುವವರು ಕಡಿಮೆ.

ಬಂಗುಡೆ, ಬೂತಾಯಿ, ಟ್ಯೂನಾದಂಥ ಮೀನುಗಳಲ್ಲಿ ತಂಪು ತಪ್ಪಿದರೆ ಹಿಸ್ಟಮಿನ್ ಎಂಬ ಪದಾರ್ಥ ಹುಟ್ಟಿಕೊಳ್ಳುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ತಲೆನೋವು, ತುರಿಕೆ, ವಾಂತಿ ಬರುತ್ತದೆ. ಎಷ್ಟು ಕುದಿಸಿದರೂ, ಎಷ್ಟು ಕಾರ ಹುಳಿ ಹಾಕಿದರೂ ಅದು ಹೋಗುವುದಿಲ್ಲ. ಕೆಲವೊಮ್ಮೆ ವಾಸನೆಯಿಂದಲೂ ಗೊತ್ತಾಗುವುದಿಲ್ಲ. ಜೀಡಿಮೆಟ್ಲಾದ ಹಾಲ್‌ನಲ್ಲಿ ಹಾಗಾದರೆ ಹತ್ತು ನಿಮಿಷಕ್ಕೆ ಆಸ್ಪತ್ರೆ ಸಿಗುತ್ತದೆ. ಕುದ್ರುವಿನಲ್ಲಿ ರಾತ್ರಿ ಹತ್ತು ಗಂಟೆಗೆ ವಯಸ್ಸಾದವರೊಬ್ಬರಿಗೆ ಹಾಗಾದರೆ ಮೊದಲು ದೋಣಿಯವನನ್ನು ಎಬ್ಬಿಸಬೇಕು.

ಇನ್ನೊಂದು ವಿಷಯ. ದೂರ ಸಾಗಿಸುವ ಮೀನು ಕೆಡದಿರಲೆಂದು ಫಾರ್ಮಾಲಿನ್ ಹಾಕುವ ದಂಧೆ ಕೇರಳದಲ್ಲಿ 2018ರಲ್ಲಿ ಬಯಲಾಯಿತು. ಚೆಕ್‌ಪೋಸ್ಟ್‌ಗಳಲ್ಲಿ ಸಾವಿರಾರು ಕೆ.ಜಿ. ಮೀನು ಹಿಡಿದರು. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅದನ್ನು ಪತ್ತೆ ಮಾಡುವ ಕಿಟ್ ಅನ್ನೂ ತಯಾರಿಸಿತು. ಮೀನು ದೂರದಿಂದ ಬಂದಷ್ಟೂ ಅದರ ಹಿಂದಿನ ಕಥೆ ನಮಗೆ ಗೊತ್ತಿರುವುದಿಲ್ಲ. ನಾವು ಹೈದರಾಬಾದಿನಲ್ಲಿ ಕೊರಮೀನನ್ನು ತೊಟ್ಟಿಯಲ್ಲಿ ಜೀವಂತ ನೋಡಿಯೇ ಕೊಳ್ಳುತ್ತೇವಲ್ಲ, ಅದೇ ಎಚ್ಚರ ಕಡಲ ಮೀನಿಗೂ ಇರಲಿ.

ಮಸಾಲೆ ಇಲ್ಲಿಂದ, ಮೀನು ಅಲ್ಲಿಂದ

ಹಾಗಾದರೆ ಮಾಡಬೇಕಾದದ್ದೇನು? ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು ಹುರಿದು ಇಲ್ಲಿಂದ ಒಯ್ಯಿರಿ. ಹುಣಸೆ, ಅಕ್ಕಿ, ರವೆ, ಎಣ್ಣೆಯೂ ಇರಲಿ. ತೆಂಗಿನಕಾಯಿ ಅಲ್ಲಿಯದೇ ಆಗಲಿ. ಬೇಸಗೆಯಲ್ಲಿ ಕುದ್ರುವಿನ ಬಾವಿ ನೀರು ಉಪ್ಪಾಗುವುದುಂಟು, ಆದ್ದರಿಂದ ಕುಡಿಯಲು ಮತ್ತು ಅನ್ನಕ್ಕೆ ನೀರಿನ ವ್ಯವಸ್ಥೆಯನ್ನು ಮನೆಯವರಲ್ಲಿ ಮೊದಲೇ ಕೇಳಿಕೊಳ್ಳಿ.

ಮೀನನ್ನು ಮಾತ್ರ ಬೆಳಿಗ್ಗೆ ಎದ್ದು ಕೊಳ್ಳಬೇಕು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದರೆ ಗುಳಿ ನಿಲ್ಲಬಾರದು. ಏಡಿ ಜೀವಂತ ಇರಬೇಕು. ಮರುವಾಯಿ ಬೇಯಿಸಿದ ಮೇಲೂ ಬಾಯಿ ಬಿಡದಿದ್ದರೆ ಎಸೆಯಬೇಕು. ನಾಲ್ಕು ಮಾತು ಮೀನು ಮಾರುವ ಹೆಂಗಸರಲ್ಲೇ ಕೇಳಿ. "ಅಕ್ಕ, ಇವತ್ತು ಯಾವುದು ಒಳ್ಳೆಯದು?" ಎಂದರೆ ಅವರು ತೋರಿಸುವ ಮೀನು ಬಹುಮಟ್ಟಿಗೆ ಅಗ್ಗದ್ದೂ ಆಗಿರುತ್ತದೆ, ರುಚಿಯದ್ದೂ ಆಗಿರುತ್ತದೆ.

ಆಮೇಲೆ ಮೀನಿಗೆ ತಕ್ಕ ಅಡುಗೆ. ಬಂಗುಡೆ ಸಿಕ್ಕರೆ ಪುಳಿಮುಂಚಿ, ಜುಮ್ಮನಕಾಯಿ ಸಿಕ್ಕರೆ ಅದನ್ನು ಜಜ್ಜಿ ಹಾಕಿದ ಸಾರು. ಕಾಣೆ, ನಂಗು ಸಿಕ್ಕರೆ ರವೆ ಹಚ್ಚಿ ಕಾವಲಿಯಲ್ಲಿ. ಸಿಗಡಿ, ಮರುವಾಯಿ ಆದರೆ ಕಾಯಿ ಹಾಕಿ ಸುಕ್ಕ. ಬೂತಾಯಿ ರಾಶಿ ಬಿದ್ದ ದಿನ ಅದಕ್ಕಿಂತ ಒಳ್ಳೆಯ ಫ್ರೈ ಇಲ್ಲ. ರಾಯಚೂರು, ಕಲಬುರಗಿ, ಬೀದರ್ ಕಡೆಯ ಮನೆಗಳಲ್ಲಿ ಕಡಲ ಮೀನಿನ ರೂಢಿ ಕಡಿಮೆ, ಮಕ್ಕಳಿಗೆ ಮುಳ್ಳಿನ ಭಯ ಬೇರೆ. ಅವರಿಗೆ ಸಿಗಡಿ ಅಥವಾ ಬೊಂಡಾಸ್ ಒಂದು ಪಾತ್ರೆ ಇದ್ದರೆ ಸಾಕು. ಮೀನು ಮುಟ್ಟದವರು ಪ್ರತಿ ಕುಟುಂಬದಲ್ಲೂ ಇರುತ್ತಾರೆ. ಅವರ ಒಲೆ, ಸೌಟು, ಎಣ್ಣೆ ಬೇರೆಯೇ ಇರಲಿ, ಅವರ ಅಡುಗೆ ಮೊದಲು ಮುಗಿಯಲಿ. ಮೀನಿನ ತಲೆ, ಚಿಪ್ಪು, ಪ್ಲಾಸ್ಟಿಕ್ ತಟ್ಟೆ ನದಿಗೆ ಹೋಗಬಾರದು.

ರೇಟ್ ಹೇಗೆ ಬರೆಯುವುದು?

ಅಡುಗೆ ಕೂಲಿ, ಸಾಮಾನು, ಪ್ರಯಾಣ ಇವಿಷ್ಟಕ್ಕೂ ತಲೆಗೆ ಇಷ್ಟು ಎಂದು ಖಚಿತವಾಗಿ ಬರೆಯಿರಿ. ಮೀನಿನ ಹಣವನ್ನು ಬೇರೆ ಸಾಲಿನಲ್ಲಿ, ಅಂದಿನ ದರಕ್ಕೆ, ಗರಿಷ್ಠ ಮಿತಿ ಹಾಕಿ ಬರೆಯಿರಿ. ಇಡೀ ಮೀನು ತಲೆಗೆ ಕಾಲು ಕೆ.ಜಿ. ಲೆಕ್ಕ ಹಿಡಿದರೆ ಎರಡು ಬಗೆ ಮಾಡಲು ಸಾಕಾಗುತ್ತದೆ. ಮನೆಯವರಲ್ಲಿ ಒಬ್ಬರನ್ನು ಬೆಳಿಗ್ಗೆ ಮಾರುಕಟ್ಟೆಗೆ ಜೊತೆಗೆ ಕರೆದುಕೊಂಡು ಹೋಗಿ. ಕಣ್ಣೆದುರೇ ಕೊಂಡ ಮೇಲೆ ದರದ ಬಗ್ಗೆ ಜಗಳವಿಲ್ಲ. ಆ ಹೊತ್ತಿನ ತಿರುಗಾಟವೇ ಅವರಿಗೆ ಪ್ರವಾಸದ ಅರ್ಧ ಸಂತೋಷ.

ಇದಕ್ಕೆ ಆಕ್ಷೇಪ ಬರುತ್ತದೆಂದು ಗೊತ್ತು. "ಗಿರಾಕಿಗೆ ಫಿಕ್ಸ್ ರೇಟ್ ಬೇಕು, ಇಲ್ಲದಿದ್ದರೆ ಬೇರೆಯವರ ಹತ್ತಿರ ಹೋಗುತ್ತಾರೆ" ಎನ್ನುವುದು ಮೊದಲನೆಯದು. ನಿಜ, ಕೆಲವರು ಹೋಗುತ್ತಾರೆ. ಆದರೆ ಅಂಜಲ್ ದರ ಒಂದೇ ವಾರದಲ್ಲಿ ಮೇಲೆ ಕೆಳಗೆ ಆಗುತ್ತದೆ. ಫಿಕ್ಸ್ ರೇಟ್ ಕೊಟ್ಟವನು ದರ ಏರಿದ ದಿನ ತುಂಡು ಸಣ್ಣದು ಮಾಡುತ್ತಾನೆ, ಇಲ್ಲವೇ ಮರಿ ಅಂಜಲ್ ಕೊಂಡು ತರುತ್ತಾನೆ. ಬೆಳೆಯುವ ಮೊದಲೇ ಹಿಡಿದ ಮರಿಗೆ ನಾವೇ ಗಿರಾಕಿಗಳಾದರೆ ಮುಂದಿನ ವರ್ಷ ದೊಡ್ಡದು ಎಲ್ಲಿಂದ ಬರಬೇಕು?

ಎರಡನೆಯದು, ಇದರಲ್ಲಿ ನಮ್ಮ ಲಾಭ ಕಡಿಮೆಯಾಗುತ್ತದೆ ಎನ್ನುವುದು. ಮೀನಿನ ಮೇಲಿನ ಲಾಭ ಹೋಗುತ್ತದೆ, ಒಪ್ಪುತ್ತೇನೆ. ಅದಕ್ಕೆ ಬದಲು ಅಡುಗೆಯ ಕೂಲಿಯನ್ನು ಧೈರ್ಯವಾಗಿ ಸರಿಯಾಗಿ ಕೇಳೋಣ. ನಾವು ಮೀನಿನ ವ್ಯಾಪಾರಿಗಳಲ್ಲ, ಅಡುಗೆಯವರು. ನಮ್ಮ ಕೈಗೆ ಬೆಲೆ ಕೇಳಲು ಸಂಕೋಚಪಟ್ಟು ಮೀನಿನ ಬಿಲ್ಲಿನಲ್ಲಿ ಅದನ್ನು ಅಡಗಿಸುವ ಅಭ್ಯಾಸ ಇನ್ನಾದರೂ ಬಿಡೋಣ.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ ಇಷ್ಟೆ. ಹೊರ ಊರಿನ ಮೀನೂಟದ ಆರ್ಡರ್‌ಗೆ ಒಂದು ಮಾದರಿ ಕೊಟೇಶನ್ ಸಿದ್ಧಪಡಿಸಿ ಎಲ್ಲ ಸದಸ್ಯರಿಗೂ ಹಂಚಬೇಕು. ಅದರಲ್ಲಿ ಎರಡೂ ಕರಾವಳಿಯ ನಿಷೇಧದ ದಿನಾಂಕಗಳು ಅಚ್ಚಾಗಿರಬೇಕು, ಮೀನಿನ ಹೆಸರಿನ ಜಾಗದಲ್ಲಿ "ಅಂದಿನ ಮೀನು" ಎಂದಿರಬೇಕು. ಹತ್ತು ಜನ ಹೀಗೆ ಬರೆಯತೊಡಗಿದರೆ ಹನ್ನೊಂದನೆಯವನಿಗೂ ಫಿಕ್ಸ್ ಮೆನು ಕೊಡುವ ಒತ್ತಾಯ ಇರುವುದಿಲ್ಲ. ಒಪ್ಪದ ಸದಸ್ಯರು ತಮ್ಮ ಕಾರಣಗಳನ್ನು ಬರೆದು ಕಳುಹಿಸಲಿ. ಮುಂದಿನ ಸಭೆಯಲ್ಲಿ ಚರ್ಚೆಯಾಗಲಿ. ಬೇಸಗೆಯ ಬುಕಿಂಗ್ ಶುರುವಾಗುವ ಮೊದಲೇ ಇದು ತೀರ್ಮಾನವಾದರೆ ಒಳ್ಳೆಯದು.

— ಜೀಡಿಮೆಟ್ಲಾದ ಸದಸ್ಯರೊಬ್ಬರು