ಎಳೆ ಕಡಿಯುವ ಕಿರಣ, ನೂಲು ತಡೆಯುವ ಮದ್ದು

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ ಎಂದರೆ ವಿದ್ಯಾರ್ಥಿಗಳಿಗೆ ನೆನಪಾಗುವುದು ಅಶೋಕನ ಶಿಲಾಶಾಸನ. ಆ ಕಡೆಯ ಜನಕ್ಕೆ ಕ್ಯಾನ್ಸರ್ ಎಂದೊಡನೆ ನೆನಪಾಗುವುದು 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ. ಚಳ್ಳಕೆರೆ, ಹಿರಿಯೂರು ದಾಟಿ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಹೋಗಿಬಂದವರ ಬಾಯಲ್ಲಿ ವಿಕಿರಣ ಚಿಕಿತ್ಸೆಗೆ ‘ಕರೆಂಟ್ ಕೊಡಿಸುವುದು’ ಎಂದೇ ಹೆಸರು. (ಅಲ್ಲಿ ರೋಗಿಗೆ ವಿದ್ಯುತ್ ತಾಗಿಸುವುದಿಲ್ಲ, ಬಳಸುವುದು ಪ್ರಬಲವಾದ ಎಕ್ಸ್-ಕಿರಣ.) ಕರೆಂಟು, ಕೀಮೋ ಎರಡನ್ನೂ ಕೊಡುತ್ತಾರೆಂದರೆ ಎರಡು ಪಟ್ಟು ಗುಣವಾದೀತೆಂದು ಮನೆಯವರ ಆಸೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಲೆಕ್ಕ ಅಷ್ಟು ಸರಳವಲ್ಲ. ಹೊಲ ಅಡವಿಡುವ ಮುನ್ನ ಇದನ್ನು ತಿಳಿದಿರುವುದು ಒಳ್ಳೆಯದು.

ಈ ಗ್ರಂಥಿ ಇರುವುದು ಜಠರದ ಹಿಂದೆ, ಬೆನ್ನುಮೂಳೆಗೆ ಹತ್ತಿರ. ಜೀರ್ಣರಸವನ್ನೂ ಇನ್ಸುಲಿನ್ನನ್ನೂ ತಯಾರಿಸುತ್ತದೆ. ಒಳಗೆ ಅಡಗಿರುವುದರಿಂದ ಗಡ್ಡೆ ಬೆಳೆದರೂ ಬೇಗ ಗೊತ್ತಾಗುವುದಿಲ್ಲ. ಗಡ್ಡೆ ಪಿತ್ತನಾಳವನ್ನು ಒತ್ತಿದಾಗ ಕಣ್ಣು ಹಳದಿಯಾಗುತ್ತದೆ, ಮೈ ತುರಿಸುತ್ತದೆ, ಮಲ ಬಿಳಿಚುತ್ತದೆ. ಹಳ್ಳಿಗಳಲ್ಲಿ ಕಾಮಾಲೆ ಎಂದ ಕೂಡಲೇ ಸೊಪ್ಪಿನ ಔಷಧಿಗೆ ಓಡುವುದು ವಾಡಿಕೆ. ವಯಸ್ಸಾದವರಲ್ಲಿ ನೋವಿಲ್ಲದ ಕಾಮಾಲೆ ಬಂದು ತೂಕವೂ ಇಳಿಯುತ್ತಿದ್ದರೆ ಸೊಪ್ಪಿನ ರಸ ಕುಡಿಸುತ್ತಾ ಕೂರುವುದು ಅಪಾಯ. ಹೊಟ್ಟೆಯ ಸ್ಕ್ಯಾನ್ ಮಾಡಿಸಬೇಕು. ರೋಗ ಪತ್ತೆಯಾಗುವ ಹೊತ್ತಿಗೆ ಹತ್ತರಲ್ಲಿ ಸುಮಾರು ಎಂಟು ಜನರಿಗೆ ಶಸ್ತ್ರಚಿಕಿತ್ಸೆಯ ಕಾಲ ಮೀರಿರುತ್ತದೆ. ಕೀಮೋ, ವಿಕಿರಣಗಳ ಪ್ರಶ್ನೆ ಏಳುವುದು ಹೆಚ್ಚಾಗಿ ಆಗ.

ಎರಡನ್ನು ಜೋಡಿಸುವುದೇಕೆ? ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದ ಊರು. ಮಗ್ಗದಲ್ಲಿ ಎಳೆ ಕಡಿದರೆ ನೇಕಾರ ಗಂಟು ಹಾಕಿ ನೇಯ್ಗೆ ಮುಂದುವರಿಸುತ್ತಾನೆ. ವಿಕಿರಣವು ಜೀವಕೋಶದ ಡಿ.ಎನ್.ಎ. ಎಳೆಯನ್ನು ಕಡಿದಾಗ ಕೋಶವೂ ಹೀಗೆಯೇ ರಿಪೇರಿಗೆ ತೊಡಗುತ್ತದೆ. ಗಂಟು ಹಾಕಲು ನೂಲೇ ಇಲ್ಲದಿದ್ದರೆ? 1957ರಲ್ಲಿ ಅಮೆರಿಕದ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಸಂಗಡಿಗರು ರೂಪಿಸಿದ 5-ಫ್ಲೋರೋಯುರಾಸಿಲ್ ಮಾಡುವುದು ಇದನ್ನೇ. ಡಿ.ಎನ್.ಎ.ಗೆ ಬೇಕಾದ ಎ, ಟಿ, ಜಿ, ಸಿ ನಾಲ್ಕರಲ್ಲಿ ‘ಟಿ’, ಅಂದರೆ ಥೈಮಿನ್, ಒದಗದಂತೆ ತಡೆಯುತ್ತದೆ. ಎಳೆ ಕಡಿದ ಕೋಶ ಚೇತರಿಸಿಕೊಳ್ಳಲಾರದೆ ಸಾಯುತ್ತದೆ. ಈಗ ಬಳಕೆಯಲ್ಲಿರುವ ಕ್ಯಾಪೆಸಿಟಬಿನ್ ಮಾತ್ರೆಯೂ ದೇಹದೊಳಗೆ ಇದೇ ಮದ್ದಾಗಿ ಮಾರ್ಪಡುತ್ತದೆ.

ಈ ತರ್ಕ ಮೊದಲು ಗೆದ್ದಿತು. ಅಮೆರಿಕದಲ್ಲಿ 194 ರೋಗಿಗಳ ಮೇಲೆ ನಡೆದು 1981ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ವಿಕಿರಣ ಮಾತ್ರ ಪಡೆದವರಲ್ಲಿ ವರ್ಷದ ನಂತರ ಬದುಕಿದ್ದವರು ನೂರಕ್ಕೆ ಸುಮಾರು ಹತ್ತು ಮಂದಿ. ಮದ್ದನ್ನೂ ಪಡೆದವರಲ್ಲಿ ಸುಮಾರು ನಲವತ್ತು. ಆದರೆ ಮುಂದೆ ಕೀಮೋ ಔಷಧಿಗಳೇ ಸುಧಾರಿಸಿದವು. 2016ರಲ್ಲಿ ಪ್ರಕಟವಾದ ‘ಎಲ್.ಎ.ಪಿ.07’ ಪರೀಕ್ಷೆ ಪ್ರಶ್ನೆಯನ್ನು ತಿರುಗಿಸಿ ಕೇಳಿತು: ನಾಲ್ಕು ತಿಂಗಳ ಕೀಮೋ ನಂತರವೂ ರೋಗ ಹದ್ದಿನಲ್ಲಿದ್ದವರಿಗೆ ಕೀಮೋ ಮುಂದುವರಿಸುವುದು ಲೇಸೋ, ವಿಕಿರಣ ಸೇರಿಸುವುದು ಲೇಸೋ? ಬದುಕಿದ ಕಾಲದ ಮಧ್ಯಾಂಕ ಕೀಮೋದವರಿಗೆ 16.5 ತಿಂಗಳು, ವಿಕಿರಣ ಸೇರಿಸಿದವರಿಗೆ 15.2. ಅಂದರೆ ಆಯುಸ್ಸು ಹೆಚ್ಚಲಿಲ್ಲ. ಗಡ್ಡೆ ಇದ್ದ ಜಾಗದಲ್ಲೇ ಮತ್ತೆ ಬೆಳೆದದ್ದು ಮಾತ್ರ ಕಡಿಮೆಯಾಯಿತು: ನೂರಕ್ಕೆ 46ರ ಬದಲು 32.

ಕಾರಣ ಊಹಿಸುವುದು ಕಷ್ಟವಲ್ಲ. ಕಿರಣ ಬೀಳುವುದು ಒಂದೇ ಜಾಗಕ್ಕೆ. ಈ ಕ್ಯಾನ್ಸರಿನ ಕಣಗಳು ಬಹಳ ಬೇಗ ರಕ್ತದ ಮೂಲಕ ಯಕೃತ್ತಿಗೆ ಹೋಗಿ ಕೂರುತ್ತವೆ. ಅಲ್ಲಿಗೆ ತಲಪಬಲ್ಲದ್ದು ರಕ್ತದಲ್ಲಿ ಹರಿಯುವ ಮದ್ದು ಮಾತ್ರ. ಹೀಗಾಗಿ ರೋಗ ಹರಡಿದವರಿಗೆ ಕೀಮೋ ಮುಖ್ಯ, ವಿಕಿರಣ ಬಹುಮಟ್ಟಿಗೆ ನೋವು ತಗ್ಗಿಸಲು. ಹತ್ತಿರದ ರಕ್ತನಾಳಗಳನ್ನು ಸುತ್ತಿಕೊಂಡು ಅಲ್ಲೇ ನಿಂತ ಗಡ್ಡೆಗೆ ಸಾಮಾನ್ಯವಾಗಿ ಮೊದಲು ಕೆಲವು ತಿಂಗಳು ಕೀಮೋ, ನಂತರ ಸ್ಕ್ಯಾನ್. ರೋಗ ಹರಡದೇ ಇದ್ದರೆ ಆಗ ಎರಡನ್ನೂ ಜೋಡಿಸುವ ವಿಚಾರ. ಆದುದರಿಂದ ವೈದ್ಯರನ್ನು ಕೇಳಬೇಕಾದ ಮೊದಲ ಮಾತು ‘ಎರಡೂ ಕೊಡ್ತೀರಾ ಸಾರ್?’ ಎಂಬುದಲ್ಲ; ‘ಎಲ್ಲಿವರೆಗೆ ಹರಡಿದೆ, ಈ ಚಿಕಿತ್ಸೆಯಿಂದ ಏನು ಸಿಗುತ್ತೆ?’ ಎಂಬುದು.

ವಿಕಿರಣಕ್ಕೆ ವಾರಕ್ಕೆ ಐದು ದಿನದಂತೆ ಐದಾರು ವಾರ ಬೆಂಗಳೂರಿನಲ್ಲೇ ಇರಬೇಕಾದೀತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಪಡಿತರ ಚೀಟಿ, ಆಧಾರ್ ಒಯ್ಯಲು ಮರೆಯಬಾರದು. ವಿಕಿರಣದ ಜೊತೆ ಕೊಡುವ ಮಾತ್ರೆಯನ್ನು ಸಾಮಾನ್ಯವಾಗಿ ಕಿರಣ ಕೊಡುವ ದಿನಗಳಲ್ಲಷ್ಟೇ, ಊಟವಾದ ಅರ್ಧ ಗಂಟೆಯೊಳಗೆ, ಎರಡು ಹೊತ್ತು ನುಂಗಬೇಕು. ಮನೆಯಲ್ಲಿ ಹೈಸ್ಕೂಲಿನ ಹುಡುಗನೋ ಹುಡುಗಿಯೋ ಇದ್ದರೆ ಈ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ತಿಳಿಸಬೇಕು. ಕೀಮೋದಿಂದ ಬಿಳಿ ರಕ್ತಕಣ ಇಳಿದಾಗ ಸಣ್ಣ ಸೋಂಕೂ ಒಂದೇ ರಾತ್ರಿಯಲ್ಲಿ ಉಲ್ಬಣಿಸಬಲ್ಲದು.